ವೃಷಣ ಬೇರೆ, ವೃಷಣಛೇದನ ಬೇರೆ: ಮಲೆನಾಡಿನ ಓದುಗರಿಗೆ ಒಂದು ವಿವರಣೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳ ಕೃಷಿ ಬದುಕಿನಲ್ಲಿ ಹೋರಿಯ ಬೀಜ ಒಡೆಸಿ ಅದನ್ನು ಎತ್ತು ಮಾಡುವ ಕೆಲಸ ತಲೆಮಾರುಗಳಿಂದ ನಡೆದುಬಂದಿದ್ದು, ವೃಷಣಗಳು ಕೆಲಸ ನಿಲ್ಲಿಸಿದರೆ ಪ್ರಾಣಿಯ ಮೈಕಟ್ಟಿನಲ್ಲಿ ಮತ್ತು ಸ್ವಭಾವದಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ಇಲ್ಲಿನ ರೈತರು ಯಾವ ಪುಸ್ತಕದ ನೆರವೂ ಇಲ್ಲದೆ ಬಲ್ಲರು. ಆದರೆ ಕೊಟ್ಟಿಗೆಯಲ್ಲಿ ಗಳಿಸಿದ ಈ ತಿಳಿವಳಿಕೆಯೇ ಮನುಷ್ಯರ ಚಿಕಿತ್ಸೆಯ ವಿಷಯಕ್ಕೆ ಬಂದಾಗ ಕೆಲವೊಮ್ಮೆ ತೊಡಕಾಗಿ ನಿಲ್ಲುತ್ತದೆ. ಬೀಜದ ಚೀಲದ ಆಸುಪಾಸಿನಲ್ಲಿ ನಡೆಯುವ ಯಾವ ಆಪರೇಷನ್ನೇ ಆಗಲಿ, ಅದು ನೀರು ತುಂಬಿದ ಬಾವಿನದಿರಲಿ, ಹರ್ನಿಯಾದ್ದಿರಲಿ, ಸಂತಾನ ನಿಯಂತ್ರಣದ್ದಿರಲಿ, ಕೊನೆಗೆ ಗಂಡಸುತನವನ್ನೇ ಕಿತ್ತುಕೊಳ್ಳುತ್ತದೆ ಎಂಬ ಅಳುಕು ಊರುಕೇರಿಗಳಲ್ಲಿ ಇಂದಿಗೂ ಪೂರ್ತಿ ಹೋಗಿಲ್ಲ.

ಒಂದು ಅಂಗವನ್ನೂ ಆ ಅಂಗದ ಮೇಲೆ ನಡೆಯಬಹುದಾದ ಹಲವು ಶಸ್ತ್ರಕ್ರಿಯೆಗಳಲ್ಲಿ ಒಂದನ್ನೂ ಬೇರೆಬೇರೆಯಾಗಿ ಕಾಣದಿರುವುದೇ ಈ ಅಳುಕಿನ ಮೂಲ. ವೃಷಣವು ದೇಹದ ಅಂಗ. ವೈದ್ಯರು ಆರ್ಕಿಡೆಕ್ಟಮಿ ಎಂದು ಕರೆಯುವ ವೃಷಣಛೇದನವು ಆ ಅಂಗವನ್ನು ನಿರ್ದಿಷ್ಟ ಕಾರಣಕ್ಕಾಗಿ ದೇಹದಿಂದ ತೆಗೆಯುವ ಶಸ್ತ್ರಚಿಕಿತ್ಸೆ. ಆ ಭಾಗದಲ್ಲಿ ನಡೆಯುವ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚಿನವು ವೃಷಣವನ್ನು ತೆಗೆಯುವುದಿಲ್ಲ. ಕೆಲವಂತೂ ಅದನ್ನು ಉಳಿಸುವುದಕ್ಕೆಂದೇ ನಡೆಯುತ್ತವೆ. ಯಾವ ಚಿಕಿತ್ಸೆ ಏನನ್ನು ತೆಗೆಯುತ್ತದೆ, ಏನನ್ನು ಉಳಿಸುತ್ತದೆ ಎಂಬ ಲೆಕ್ಕ ಸ್ಪಷ್ಟವಾಗಬೇಕಾದರೆ ಆ ಅಂಗದ ಕೆಲಸವೇನೆಂಬುದು ಮೊದಲು ತಿಳಿಯಬೇಕು.

ಎರಡು ಕೆಲಸ, ಎರಡು ದಾರಿ

ವಯಸ್ಕ ಪುರುಷನ ಪ್ರತಿಯೊಂದು ವೃಷಣವೂ ಸುಮಾರು 4ರಿಂದ 5 ಸೆಂಟಿಮೀಟರ್ ಉದ್ದದ, ಮೊಟ್ಟೆಯಾಕಾರದ ಗ್ರಂಥಿ. ಗಂಡುಶಿಶು ಗರ್ಭದಲ್ಲಿರುವಾಗ ಈ ಗ್ರಂಥಿಗಳು ಹೊಟ್ಟೆಯೊಳಗೆ, ಮೂತ್ರಪಿಂಡಗಳ ಸಮೀಪದಲ್ಲಿ ರೂಪುಗೊಂಡು, ಹೆರಿಗೆಗೆ ಮುಂಚಿನ ಕೊನೆಯ ತಿಂಗಳುಗಳಲ್ಲಿ ತೊಡೆಸಂದಿನ ಮಾರ್ಗವಾಗಿ ಕೆಳಗಿಳಿದು ಚೀಲವನ್ನು ಸೇರುತ್ತವೆ. ಇಳಿಯುವಾಗ ಅವು ತಮ್ಮ ರಕ್ತನಾಳಗಳನ್ನೂ ನರಗಳನ್ನೂ ದುಗ್ಧರಸದ ನಾಳಗಳನ್ನೂ ಹೊಟ್ಟೆಯಿಂದಲೇ ಎಳೆದು ತರುವುದರಿಂದ, ವೃಷಣವು ಚೀಲದಲ್ಲಿ ತೂಗುತ್ತಿದ್ದರೂ ಅದರ ಬೇರು ಹೊಟ್ಟೆಯಲ್ಲೇ ಉಳಿದಿರುತ್ತದೆ. ಈ ನಾಳಗಳೆಲ್ಲ ಒಂದು ಕಟ್ಟಾಗಿ ಇಳಿಯುವ ಹುರಿಗೆ ವೃಷಣರಜ್ಜು ಎಂದು ಹೆಸರು. ಹೋರಿಯ ಬೀಜ ಒಡೆಯುವ ಇಕ್ಕಳ ಹಿಡಿಯುವುದೂ, ಹದಿಹರೆಯದ ಹುಡುಗರಲ್ಲಿ ಕೆಲವೊಮ್ಮೆ ತಿರುಚಿಕೊಳ್ಳುವುದೂ, ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಮೊದಲು ಕಟ್ಟಿಹಾಕುವುದೂ ಇದೇ ರಜ್ಜು.

ವೃಷಣಗಳು ದೇಹದ ಹೊರಗೆ ತೂಗುವುದಕ್ಕೆ ಕಾರಣ ಶಾಖ. ವೀರ್ಯಾಣುಗಳು ಸರಿಯಾಗಿ ಬೆಳೆಯಲು ದೇಹದ ಒಳಗಿನ ಶಾಖಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಶಾಖ ಬೇಕಾಗುವುದರಿಂದ, ಚಳಿಯಲ್ಲಿ ಚೀಲ ಮುದುಡಿ ವೃಷಣಗಳನ್ನು ಮೈಗೆ ಹತ್ತಿರ ತರುತ್ತದೆ, ಸೆಕೆಯಲ್ಲಿ ಸಡಿಲಗೊಂಡು ದೂರ ಇಳಿಬಿಡುತ್ತದೆ. ಪ್ರತಿಯೊಂದು ವೃಷಣದ ಒಳಗೆ ಕೂದಲೆಳೆಯಂಥ ನೂರಾರು ಸೂಕ್ಷ್ಮ ನಾಳಗಳು ಸುರುಳಿ ಸುತ್ತಿಕೊಂಡಿದ್ದು, ಅವುಗಳ ಗೋಡೆಯಲ್ಲಿ ವೀರ್ಯಾಣುಗಳು ಹುಟ್ಟುತ್ತವೆ. ಅವುಗಳನ್ನು ಪೋಷಿಸುವ ಕೋಶಗಳನ್ನು 1865ರಲ್ಲಿ ವಿವರಿಸಿದವನು ಇಟಲಿಯ ಎನ್ರಿಕೊ ಸೆರ್ಟೊಲಿ. ಈ ನಾಳಗಳ ನಡುವಿನ ಸಂದುಗಳಲ್ಲಿ ಗುಂಪುಗುಂಪಾಗಿರುವ ಮತ್ತೊಂದು ಬಗೆಯ ಕೋಶಗಳನ್ನು 1850ರಲ್ಲಿ ಗುರುತಿಸಿದವನು ಜರ್ಮನಿಯ ಫ್ರಾನ್ಸ್ ಲೈಡಿಗ್. ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು, ಅಂದರೆ ರಕ್ತದಲ್ಲಿ ಬೆರೆತು ದೂರದ ಅಂಗಗಳಿಗೆ ಆದೇಶ ಒಯ್ಯುವ ಸ್ರಾವ, ತಯಾರಾಗುವುದು ಈ ಲೈಡಿಗ್ ಕೋಶಗಳಲ್ಲಿ.

ಹೀಗೆ ವೃಷಣಕ್ಕೆ ಎರಡು ಕೆಲಸಗಳಿವೆ, ಆ ಎರಡು ಕೆಲಸಗಳ ಫಲ ಹೊರಹೋಗುವ ದಾರಿಗಳೂ ಎರಡು. ವೀರ್ಯಾಣುಗಳು ವೃಷಣದ ಬೆನ್ನಿಗೆ ಅಂಟಿಕೊಂಡಿರುವ, ಬಿಡಿಸಿದರೆ ಸುಮಾರು 6 ಮೀಟರ್ ಉದ್ದವಾಗುವ ಎಪಿಡಿಡಿಮಿಸ್ ಎಂಬ ಸುರುಳಿನಾಳದಲ್ಲಿ ಬಲಿತು, ಅಲ್ಲಿಂದ ವೀರ್ಯನಾಳದ ಮೂಲಕ ಮೇಲೇರಿ ಮೂತ್ರದ್ವಾರದ ಕಡೆಗೆ ಸಾಗುತ್ತವೆ. ಹಾರ್ಮೋನು ದೇಹವನ್ನು ತಲುಪುವುದು ಈ ನಾಳದ ಮೂಲಕವಲ್ಲ. ಅದು ನೇರವಾಗಿ ರಕ್ತಕ್ಕೆ ಸೇರಿ, ದನಿಯನ್ನು ಗಡಸುಗೊಳಿಸುತ್ತದೆ, ಗಡ್ಡಮೀಸೆ ಮೂಡಿಸುತ್ತದೆ, ಸ್ನಾಯು ಮತ್ತು ಮೂಳೆಗಳಿಗೆ ಬಲ ಕೊಡುತ್ತದೆ, ಕೆಂಪು ರಕ್ತಕಣಗಳ ಉತ್ಪತ್ತಿಗೆ ನೆರವಾಗುತ್ತದೆ, ಕಾಮಾಸಕ್ತಿಯನ್ನು ಕಾಯ್ದುಕೊಳ್ಳುತ್ತದೆ. ಎರಡೂ ಕೆಲಸಗಳ ಮೇಲ್ವಿಚಾರಣೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದು. ಒಂದು ದಾರಿಯನ್ನು ಮುಚ್ಚಿ ಇನ್ನೊಂದನ್ನು ತೆರೆದಿಡಬಹುದು ಎಂಬ ಈ ಒಂದು ಸಂಗತಿ ತಿಳಿದರೆ, ಮುಂದೆ ಹೇಳುವ ಚಿಕಿತ್ಸೆಗಳ ವ್ಯತ್ಯಾಸ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹುಂಜದ ಜುಟ್ಟು ಹೇಳಿದ್ದು

ಈ ಎರಡು ದಾರಿಗಳ ಸತ್ಯವನ್ನು ಪ್ರಯೋಗದಿಂದ ಮೊದಲು ತೋರಿಸಿದ ಶ್ರೇಯಸ್ಸು ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯದ ಅರ್ನಾಲ್ಡ್ ಬರ್ಟೋಲ್ಡನದು. ವೃಷಣ ತೆಗೆದ ಎಳೆಯ ಹುಂಜಗಳ ಜುಟ್ಟು ಬೆಳೆಯದೆ ಬಿಳುಚಿಕೊಳ್ಳುವುದು, ಅವು ಕೂಗುವುದನ್ನೂ ಕಾದಾಡುವುದನ್ನೂ ಬಿಡುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಬರ್ಟೋಲ್ಡನು 1849ರಲ್ಲಿ ಕೆಲವು ಹುಂಜಗಳ ವೃಷಣವನ್ನು ಅದರ ಸ್ಥಾನದಿಂದ ಬಿಡಿಸಿ, ಅದರ ಹಳೆಯ ನರಗಳ ಸಂಬಂಧವೆಲ್ಲ ಕಡಿದುಹೋದ ಮೇಲೆ ಹೊಟ್ಟೆಯೊಳಗೆ ಬೇರೊಂದು ಜಾಗದಲ್ಲಿ ನೆಟ್ಟನು. ಆ ಹುಂಜಗಳು ಕೆಂಪು ಜುಟ್ಟು ಬೆಳೆಸಿಕೊಂಡು, ಕೂಗಿ, ಕಾದಾಡಿ, ಹೇಂಟೆಗಳ ಬೆನ್ನು ಹತ್ತಿ ಪೂರ್ಣ ಹುಂಜಗಳಾಗಿಯೇ ಬೆಳೆದವು. ವೃಷಣದಿಂದ ಯಾವುದೋ ವಸ್ತು ರಕ್ತದ ಮೂಲಕ ದೇಹವನ್ನೆಲ್ಲ ಮುಟ್ಟುತ್ತದೆ ಎಂಬುದು ಇದರಿಂದ ಖಚಿತವಾಯಿತು. ಆ ವಸ್ತುವನ್ನು ಟೆಸ್ಟೋಸ್ಟಿರೋನ್ ಎಂದು ಹೆಸರಿಸಿ ಬೇರ್ಪಡಿಸಿದ್ದು 1935ರಲ್ಲಿ; ಅದೇ ವರ್ಷ ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸುವ ದಾರಿಯನ್ನೂ ಕಂಡುಕೊಂಡ ಅಡಾಲ್ಫ್ ಬುಟೆನಾಂಟ್ ಮತ್ತು ಲಿಯೊಪೋಲ್ಡ್ ರುಜಿಕಾ 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ಹೋರಿ ಎತ್ತಾಗುವ ಬಗೆ

ಯುರೋಪಿನ ಪ್ರಯೋಗಶಾಲೆಗೆ 19ನೆಯ ಶತಮಾನದಲ್ಲಿ ಹೊಳೆದ ಈ ಸಂಬಂಧವನ್ನು ಭಾರತದ ದನಗಾರರು ಅದಕ್ಕೂ ಬಹಳ ಹಿಂದೆಯೇ ಬಳಸಿಕೊಂಡಿದ್ದರು. ಕ್ರಿ.ಪೂ. 3ನೆಯ ಶತಮಾನದ ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಪಕ್ಷದ ಅಷ್ಟಮಿ, ಚತುರ್ದಶಿ, ಪಂಚದಶಿ ಮೊದಲಾದ ತಿಥಿಗಳಂದು ಹೋರಿ, ಹೋತ, ಟಗರು, ಹಂದಿಗಳ ಬೀಜ ಒಡೆಯಬಾರದೆಂದು ಆಜ್ಞಾಪಿಸಿದ್ದಾನೆ. ನಿಷೇಧಿಸಬೇಕಾದಷ್ಟು ಆ ರೂಢಿ ಅಂದೇ ವ್ಯಾಪಕವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. 

ಈ ಸೀಮೆಯ ದನವೆಂದರೆ ಮುಖ್ಯವಾಗಿ ಮಲೆನಾಡು ಗಿಡ್ಡ. ಮೂರಡಿಯ ಆಸುಪಾಸಿನ ಎತ್ತರದ, ಬೆಟ್ಟದಲ್ಲಿ ಮೇದು ಸಂಜೆ ಕೊಟ್ಟಿಗೆಗೆ ಮರಳುವ, ವಿಪರೀತ ಮಳೆಯನ್ನೂ ತಾಳಿಕೊಳ್ಳುವ ಈ ತಳಿ ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕಾಗಿ ಅಡಿಕೆ ತೋಟಿಗರ ಮನೆಗಳಲ್ಲಿ ಉಳಿದುಬಂದಿದೆ. ಗದ್ದೆ ಉಳುವುದಕ್ಕೆ, ಹೊರೆ ಎಳೆಯುವುದಕ್ಕೆ ಅದರ ಗಂಡುಗಳು ಎತ್ತುಗಳಾಗಿ ದುಡಿದಿವೆ. ಒಂದೇ ಬೆಟ್ಟದಲ್ಲಿ ಹಲವು ಮನೆಗಳ ದನಗಳು ಒಟ್ಟಿಗೆ ಮೇಯುವಲ್ಲಿ ಬೀಜದ ಹೋರಿಯಾಗಿ ಯಾವುದನ್ನು ಉಳಿಸಬೇಕು, ಯಾವುದನ್ನು ಎತ್ತು ಮಾಡಬೇಕು ಎಂಬುದು ತಳಿಯ ಭವಿಷ್ಯವನ್ನೇ ತೀರ್ಮಾನಿಸುವ ಪ್ರಶ್ನೆ. ಜಿಲ್ಲೆಯು 1956ರವರೆಗೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಈ ಉದ್ದೇಶಕ್ಕಾಗಿಯೇ 1933ರಲ್ಲಿ ಜಾನುವಾರು ಸುಧಾರಣಾ ಕಾಯ್ದೆ ಬಂದಿತ್ತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು ನಿಯಮಾನುಸಾರ ನಡೆಸುವ ಬೀಜ ಒಡೆಯುವಿಕೆಯನ್ನು ಹಿಂಸೆಯ ಅಪರಾಧದಿಂದ ಹೊರಗಿಟ್ಟಿದೆ. ನೋವು ಲೆಕ್ಕಿಸದೆ ಕೋಲುಗಳ ನಡುವೆ ಸಿಕ್ಕಿಸಿ ಬಡಿಯುತ್ತಿದ್ದ ಹಳೆಯ ಪದ್ಧತಿಗೂ ಪಶುವೈದ್ಯರ ಕೈಯಲ್ಲಿ ನಡೆಯುವ ಇಂದಿನ ಕ್ರಮಕ್ಕೂ ಬಹಳ ಅಂತರವಿದೆ.

ಇಂದಿನ ಪಶು ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿರುವ ಉಪಕರಣ ಬರ್ಡಿಜೊ ಇಕ್ಕಳ. ಇಟಲಿಯ ನೆಪೋಲಿಯೊನೆ ಬರ್ಡಿಜೊ 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಈ ಉದ್ದ ಹಿಡಿಯ ಇಕ್ಕಳದ ದವಡೆಗಳು ಮೊಂಡಾಗಿದ್ದು, ಚರ್ಮವನ್ನು ಕತ್ತರಿಸದೆ ಅದರೊಳಗಿನ ರಜ್ಜುವನ್ನು ಮಾತ್ರ ಜಜ್ಜುತ್ತವೆ. ಹೋರಿಯನ್ನು ಕೆಡವಿ ಕಾಲು ಬಿಗಿದು, ಅಥವಾ ಚೌಕಟ್ಟಿನಲ್ಲಿ ನಿಲ್ಲಿಸಿ, ಚೀಲದ ಬುಡದಲ್ಲಿ ಒಂದು ಬದಿಯ ರಜ್ಜುವನ್ನು ಬೆರಳುಗಳಿಂದ ಹೊರ ಅಂಚಿಗೆ ಸರಿಸಿ, ಅದು ಜಾರದಂತೆ ಹಿಡಿದು ಇಕ್ಕಳವನ್ನು ಮುಚ್ಚಲಾಗುತ್ತದೆ. ಬಳಿಕ ಅದೇ ರಜ್ಜುವನ್ನು ಸ್ವಲ್ಪ ಕೆಳಗೆ ಮತ್ತೊಮ್ಮೆ ಜಜ್ಜಿ, ಇನ್ನೊಂದು ಬದಿಯಲ್ಲಿಯೂ ಹಾಗೆಯೇ ಮಾಡಲಾಗುತ್ತದೆ. ಎರಡು ಬದಿಯ ಗುರುತುಗಳು ನಡುವೆ ಕೂಡಿ ಒಂದೇ ಗೆರೆಯಾಗದಂತೆ ನೋಡಿಕೊಳ್ಳುವುದು ಇಲ್ಲಿನ ಮುಖ್ಯ ಎಚ್ಚರಿಕೆ, ಏಕೆಂದರೆ ಗೆರೆ ಕೂಡಿದರೆ ಚೀಲದ ಚರ್ಮಕ್ಕೆ ರಕ್ತ ಸಿಗದೆ ಅದು ಕೊಳೆಯಬಹುದು. ಕೆಲವು ದಿನ ಚೀಲ ಊದಿಕೊಂಡಿದ್ದು, ರಕ್ತ ಪೂರೈಕೆ ತಪ್ಪಿದ ವೃಷಣಗಳು ನಾಲ್ಕಾರು ವಾರಗಳಲ್ಲಿ ಬತ್ತಿ ಸಣ್ಣ ಗಂಟುಗಳಾಗುತ್ತವೆ. ನಾಳದ ಮೇಲ್ಭಾಗದಲ್ಲಿ ಮೊದಲೇ ಸೇರಿದ್ದ ವೀರ್ಯಾಣುಗಳು ಇನ್ನೂ ಇರಬಹುದಾದ್ದರಿಂದ ಆ ಅವಧಿಯಲ್ಲಿ ಎತ್ತನ್ನು ಬೆದೆಗೆ ಬಂದ ಹಸುಗಳ ಜೊತೆ ಬಿಡಬಾರದು.

ಬರ್ಡಿಜೊ ಪದ್ಧತಿಯಲ್ಲಿ ವೃಷಣವನ್ನು ಯಾರೂ ತೆಗೆಯುವುದಿಲ್ಲ. ಅದು ಚೀಲದಲ್ಲೇ ಉಳಿಯುತ್ತದೆ, ಆದರೂ ಅದರ ಎರಡೂ ಕೆಲಸಗಳು ನಿಲ್ಲುತ್ತವೆ. ಅಂಗ ಇದ್ದಮಾತ್ರಕ್ಕೆ ಕೆಲಸ ಇದೆಯೆಂದಾಗಲಿ, ಅಂಗವನ್ನು ಮುಟ್ಟಿದಮಾತ್ರಕ್ಕೆ ಕೆಲಸ ಹೋಯಿತೆಂದಾಗಲಿ ತಿಳಿಯಬಾರದೆಂಬುದಕ್ಕೆ ಇದು ಮೊದಲ ಸಾಕ್ಷಿ. ನಾಯಿಗಳ ವಿಷಯದಲ್ಲಿ ಕ್ರಮ ಬೇರೆ: 2001ರಲ್ಲಿ ಮೊದಲು ಬಂದು 2023ರಲ್ಲಿ ಹೊಸದಾಗಿ ರಚನೆಯಾದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಡಿ ಸ್ಥಳೀಯ ಸಂಸ್ಥೆಗಳು ಬೀದಿನಾಯಿಗಳಿಗೆ ನಡೆಸುವ ಚಿಕಿತ್ಸೆಯಲ್ಲಿ, ಗಂಡುನಾಯಿಗೆ ಅರಿವಳಿಕೆ ಕೊಟ್ಟು ವೃಷಣಗಳನ್ನು ಹೊರತೆಗೆದೇ ಹೊಲಿಗೆ ಹಾಕಲಾಗುತ್ತದೆ. ಇದು ನಿಜವಾದ ಅರ್ಥದಲ್ಲಿ ವೃಷಣಛೇದನ.

ವಯಸ್ಸಿನ ವಿಚಾರವನ್ನೂ ರೈತರು ಬಲ್ಲರು. ಹೋರಿಗರು ತೀರ ಎಳೆಯದಾಗಿರುವಾಗಲೇ ಬೀಜ ಒಡೆಸಿದರೆ ಕತ್ತು, ಭುಜ ಮತ್ತು ಹಿಣಿಲು ತುಂಬಿಕೊಳ್ಳದೆ ನೊಗ ಹೊರುವ ಬಲ ಬಾರದು. ತೀರ ತಡಮಾಡಿದರೆ ಹಾಯುವ, ಗುದ್ದುವ ಸ್ವಭಾವ ಬಲಿತು ಪಳಗಿಸುವುದು ಕಷ್ಟ. ಹಾರ್ಮೋನು ಬೆಳವಣಿಗೆಯ ಯಾವ ಹಂತದಲ್ಲಿ ನಿಂತಿತು ಎಂಬುದರ ಮೇಲೆ ಪರಿಣಾಮ ಬದಲಾಗುತ್ತದೆ ಎಂಬ ಈ ತತ್ತ್ವ ಮನುಷ್ಯರಿಗೂ ಅನ್ವಯಿಸುತ್ತದೆ. ಎಳೆಯ ದನಿಯನ್ನು ಉಳಿಸುವುದಕ್ಕಾಗಿ ಪ್ರಾಯಕ್ಕೆ ಮುನ್ನವೇ ವೃಷಣಗಳನ್ನು ಕಳೆದುಕೊಂಡ ಇಟಲಿಯ ಗಾಯಕರ ದನಿ ಕೊನೆಯವರೆಗೂ ಒಡೆಯುತ್ತಿರಲಿಲ್ಲ. ಅವರಲ್ಲಿ ಕೊನೆಯವನೆನಿಸಿದ ಅಲೆಸ್ಸಾಂಡ್ರೊ ಮೊರೆಸ್ಕಿಯ ಹಾಡುಗಾರಿಕೆ 1902 ಮತ್ತು 1904ರಲ್ಲಿ ಧ್ವನಿಮುದ್ರಣಗೊಂಡು ಇಂದಿಗೂ ಕೇಳಸಿಗುತ್ತದೆ. ಪ್ರಾಯ ಬಂದ ಮೇಲೆ ವೃಷಣ ತೆಗೆದವರಲ್ಲಿ ಮಾತ್ರ ಒಮ್ಮೆ ಗಡಸಾದ ದನಿ ಮತ್ತೆ ಎಳೆಯದಾಗುವುದಿಲ್ಲ.

ತೆಗೆಯದ ಚಿಕಿತ್ಸೆಗಳು

ಮನುಷ್ಯರಲ್ಲಿ ಈ ಭಾಗದ ಮೇಲೆ ನಡೆಯುವ ಶಸ್ತ್ರಚಿಕಿತ್ಸೆಗಳ ಪೈಕಿ ಅತಿ ಹೆಚ್ಚು ಅಪಾರ್ಥಕ್ಕೆ ಒಳಗಾಗಿರುವುದು ಪುರುಷರ ಸಂತಾನಶಕ್ತಿಹರಣ ಚಿಕಿತ್ಸೆಯಾದ ವ್ಯಾಸೆಕ್ಟಮಿ. ಇದರಲ್ಲಿ ವೃಷಣಕ್ಕೆ ಕೈ ಹಚ್ಚುವುದಿಲ್ಲ. ಚೀಲದ ಮೇಲ್ಭಾಗದಲ್ಲಿ ಚರ್ಮದಡಿ ಬೆರಳಿಗೆ ಸಿಗುವ ವೀರ್ಯನಾಳವನ್ನು ಎರಡೂ ಬದಿಯಲ್ಲಿ ಕತ್ತರಿಸಿ ಕಟ್ಟಲಾಗುತ್ತದೆ. ತೋಟದ ಕಾಲುವೆಗೆ ಒಡ್ಡು ಹಾಕಿದರೆ ನೀರಿನ ಒರತೆ ಬತ್ತುವುದಿಲ್ಲವೋ ಹಾಗೆ, ವೃಷಣದಲ್ಲಿ ವೀರ್ಯಾಣುಗಳು ಹುಟ್ಟುತ್ತಲೇ ಇದ್ದು, ಹೊರಬರಲಾಗದೆ ದೇಹದಲ್ಲೇ ಕರಗಿಹೋಗುತ್ತವೆ. ಹಾರ್ಮೋನು ರಕ್ತದ ದಾರಿಯಲ್ಲಿ ಎಂದಿನಂತೆ ಹರಿಯುತ್ತದೆ. ವೀರ್ಯದ ಬಹುಪಾಲು ಬೇರೆ ಗ್ರಂಥಿಗಳಿಂದ ಬರುವುದರಿಂದ ಅದರ ಪ್ರಮಾಣದಲ್ಲಿಯೂ ಗಮನಕ್ಕೆ ಬರುವಷ್ಟು ವ್ಯತ್ಯಾಸವಾಗುವುದಿಲ್ಲ. ಚೀನಾದಲ್ಲಿ 1974ರಲ್ಲಿ ಲಿ ಷುನ್‌ಕಿಯಾಂಗ್ ಎಂಬ ವೈದ್ಯರು ರೂಪಿಸಿದ, ಚಾಕುವಿನ ಗಾಯವೇ ಇಲ್ಲದ ಪದ್ಧತಿ ಬಂದ ಮೇಲೆ ಈ ಚಿಕಿತ್ಸೆ ಇನ್ನಷ್ಟು ಹಗುರವಾಗಿದೆ. ಆದರೂ 1975-77ರ ತುರ್ತುಪರಿಸ್ಥಿತಿಯ ಕಾಲದ ಬಲವಂತದ ಶಿಬಿರಗಳು, ಅದರಲ್ಲೂ 1976ರ ಒಂದೇ ವರ್ಷದಲ್ಲಿ ದೇಶದಲ್ಲಿ ನಡೆದ ಸುಮಾರು 62 ಲಕ್ಷ ಶಸ್ತ್ರಚಿಕಿತ್ಸೆಗಳು ಜನಮನದಲ್ಲಿ ಉಳಿಸಿದ ಭಯ ದೊಡ್ಡದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಸ್ತ್ರೀಯರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ಶೇ. 37.9ರಷ್ಟಿದ್ದರೆ ಪುರುಷರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ಕೇವಲ ಶೇ. 0.3.

ಎರಡನೆಯದು ಹೈಡ್ರೋಸೀಲ್, ಅಂದರೆ ವೃಷಣವನ್ನು ಸುತ್ತಿರುವ ತೆಳು ಪೊರೆಯೊಳಗೆ ನೀರು ತುಂಬಿ ಚೀಲ ದೊಡ್ಡದಾಗುವ ತೊಂದರೆ. ಸೊಳ್ಳೆಯಿಂದ ಹರಡುವ ಆನೆಕಾಲು ರೋಗದ ಹುಳು ಇದಕ್ಕೆ ಒಂದು ಮುಖ್ಯ ಕಾರಣವಾಗಿದ್ದು, ಆ ರೋಗದ ನಿರ್ಮೂಲನ ಕಾರ್ಯಕ್ರಮ ನಡೆದ ಕರ್ನಾಟಕದ ಜಿಲ್ಲೆಗಳಲ್ಲಿ ಉತ್ತರ ಕನ್ನಡವೂ ಒಂದು. ಸುಶ್ರುತ ಸಂಹಿತೆಯು ಇಂಥ ಬಾವನ್ನು ಚುಚ್ಚಿ ನೀರು ಹೊರಹಾಕುವ ಕ್ರಮವನ್ನು ವಿವರಿಸುತ್ತದೆ. ಇಂದಿನ ಶಸ್ತ್ರಚಿಕಿತ್ಸೆಯಲ್ಲಿ ನೀರು ತೆಗೆದು, ಮತ್ತೆ ತುಂಬದಂತೆ ಪೊರೆಯನ್ನು ಮಗುಚಿ ಹೊಲಿಯಲಾಗುತ್ತದೆ; ವೃಷಣ ಅಲ್ಲೇ ಉಳಿಯುತ್ತದೆ. ತೊಡೆಸಂದಿನ ದುರ್ಬಲ ಜಾಗದಿಂದ ಕರುಳು ಇಳಿಯುವ ಹರ್ನಿಯಾದ ಶಸ್ತ್ರಚಿಕಿತ್ಸೆಯಲ್ಲಿಯೂ ವೃಷಣವನ್ನು ತೆಗೆಯುವ ಉದ್ದೇಶವಿರುವುದಿಲ್ಲ.

ಮೂರನೆಯದು ಮಕ್ಕಳಿಗೆ ಸಂಬಂಧಿಸಿದ್ದು. ದಿನ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಒಂದು ಅಥವಾ ಎರಡೂ ವೃಷಣಗಳು ಚೀಲಕ್ಕೆ ಇಳಿದಿರುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಮೊದಲ ಆರು ತಿಂಗಳಲ್ಲಿ ಹೆಚ್ಚಿನವು ತಾವೇ ಇಳಿಯುತ್ತವೆ. ಇಳಿಯದಿದ್ದರೆ ಮಗುವಿಗೆ ಒಂದೂವರೆ ವರ್ಷವಾಗುವುದರೊಳಗೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಕೆಳತಂದು ಚೀಲದಲ್ಲಿ ನೆಲೆಗೊಳಿಸಬೇಕು, ಏಕೆಂದರೆ ಹೊಟ್ಟೆಯ ಶಾಖದಲ್ಲಿ ಉಳಿದ ವೃಷಣ ವೀರ್ಯಾಣು ತಯಾರಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಮುಂದೆ ಕ್ಯಾನ್ಸರ್ ಬರುವ ಸಂಭವವೂ ಹೆಚ್ಚುತ್ತದೆ. ಸ್ನಾನ ಮಾಡಿಸುವಾಗ ಮಗುವಿನ ಚೀಲದ ಒಂದು ಬದಿ ಬರಿದಾಗಿರುವುದು ಕಂಡರೆ, ದೊಡ್ಡವನಾದಂತೆ ಸರಿಹೋಗುತ್ತದೆ ಎಂದು ವರ್ಷಗಟ್ಟಲೆ ಕಾಯುವುದು ಸಲ್ಲದು.

ಗಂಟೆಗಳ ಲೆಕ್ಕ

ಮಲೆನಾಡಿನ ಭೂಗೋಳ ನೇರವಾಗಿ ಪರಿಣಾಮ ಬೀರುವ ಸನ್ನಿವೇಶವೊಂದಿದ್ದರೆ ಅದು ವೃಷಣದ ತಿರುಚು. ಚೀಲದೊಳಗೆ ಸರಿಯಾಗಿ ಅಂಟಿಕೊಂಡಿರದ ವೃಷಣ ತನ್ನ ರಜ್ಜುವಿನ ಮೇಲೆಯೇ ಸುತ್ತಿಕೊಂಡು ರಕ್ತನಾಳಗಳು ಹಿಸುಕಿಹೋಗುವ ಈ ಅವಘಡ ಹೆಚ್ಚಾಗಿ ಹನ್ನೆರಡರಿಂದ ಹದಿನೆಂಟರ ವಯಸ್ಸಿನ ಹುಡುಗರಲ್ಲಿ, ಎಷ್ಟೋ ಸಲ ನಿದ್ದೆಯಲ್ಲಿರುವಾಗಲೇ, ಸಂಭವಿಸುತ್ತದೆ. ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ಹೊಟ್ಟೆ ತೊಳಸು, ವಾಂತಿ, ಒಂದು ವೃಷಣ ಮೇಲೇರಿ ಅಡ್ಡವಾಗಿ ನಿಂತಂತೆ ಕಾಣುವುದು ಇದರ ಲಕ್ಷಣ. ಹುಡುಗರು ನಾಚಿಕೆಯಿಂದ ಇದನ್ನು ಹೊಟ್ಟೆನೋವೆಂದು ಹೇಳುವುದುಂಟು.

ಆರು ಗಂಟೆಗಳ ಒಳಗೆ ಶಸ್ತ್ರಚಿಕಿತ್ಸೆ ನಡೆದು ತಿರುಚನ್ನು ಬಿಡಿಸಿದರೆ ಹತ್ತರಲ್ಲಿ ಒಂಬತ್ತು ವೃಷಣಗಳು ಉಳಿಯುತ್ತವೆ. ಹನ್ನೆರಡು ಗಂಟೆ ಕಳೆದರೆ ಆಸೆ ಅರ್ಧಕ್ಕೆ ಇಳಿಯುತ್ತದೆ. ಒಂದು ದಿನ ಕಳೆದರೆ ಉಳಿಯುವುದು ಅಪರೂಪ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರ್, ಶಿರಸಿಯಿಂದ ಸುಮಾರು 100. ಸಿದ್ದಾಪುರದ ಒಳಹಳ್ಳಿಗಳಿಂದ ಮಳೆಗಾಲದ ರಾತ್ರಿಯಲ್ಲಿ ಶಿರಸಿಗೆ ತಲುಪುವುದಕ್ಕೇ ಗಂಟೆಗಳು ಹಿಡಿಯಬಹುದು. ಹೀಗಿರುವಾಗ ಎಣ್ಣೆ ಹಚ್ಚಿ ಬೆಳಗಾಗಲಿ ನೋಡೋಣ ಎನ್ನುವುದು, ನೋವಿನ ಮಾತ್ರೆ ನುಂಗಿಸಿ ಮಲಗಿಸುವುದು ಆ ಆರು ಗಂಟೆಗಳನ್ನು ಕೈಯಾರೆ ಕಳೆದಂತೆ. ಶಿರಸಿಯ ಪಂಡಿತ್ ಸಾರ್ವಜನಿಕ ಆಸ್ಪತ್ರೆಯೋ ಹತ್ತಿರದ ಬೇರೊಂದು ಆಸ್ಪತ್ರೆಯೋ, ಶಸ್ತ್ರವೈದ್ಯರು ಇರುವಲ್ಲಿಗೆ ತಕ್ಷಣ ಹೊರಡಬೇಕು. ದೂರ ಹೋಗಬೇಕಾದರೆ ಹೊರಡುವ ಮುನ್ನವೇ ಫೋನ್ ಮಾಡಿ ಸಿದ್ಧತೆ ಇದೆಯೇ ಎಂದು ಕೇಳಿಕೊಳ್ಳಬೇಕು. ಶಸ್ತ್ರವೈದ್ಯರು ತಿರುಚು ಬಿಡಿಸಿದ ಬಳಿಕ ಆ ವೃಷಣವನ್ನೂ ಇನ್ನೊಂದು ಬದಿಯದನ್ನೂ ಮತ್ತೆ ಸುತ್ತಿಕೊಳ್ಳದಂತೆ ಹೊಲಿದು ಭದ್ರಪಡಿಸುತ್ತಾರೆ. ವೃಷಣ ಸತ್ತುಹೋಗಿದ್ದರೆ ಮಾತ್ರ ಅದನ್ನು ತೆಗೆಯುತ್ತಾರೆ. ಬೀಜ ಹೋದೀತೆಂಬ ಭಯದಿಂದ ಆಪರೇಷನ್ನನ್ನು ಮುಂದೂಡಿದವರು ಬೀಜ ಕಳೆದುಕೊಳ್ಳುವುದು ಇಲ್ಲಿಯೇ. ಅಂಗಕ್ಕೂ ಶಸ್ತ್ರಕ್ರಿಯೆಗೂ ಇರುವ ವ್ಯತ್ಯಾಸ ತಿಳಿಯದಿರುವುದರ ಬೆಲೆ ಇದಕ್ಕಿಂತ ಸ್ಪಷ್ಟವಾಗಿ ಮತ್ತೆಲ್ಲಿಯೂ ಕಾಣುವುದಿಲ್ಲ.

ವೃಷಣ ತೆಗೆಯಬೇಕಾದಾಗ

ವೃಷಣಛೇದನ ಅನಿವಾರ್ಯವಾಗುವ ಕಾರಣಗಳಲ್ಲಿ ಮೊದಲನೆಯದು ವೃಷಣದ ಕ್ಯಾನ್ಸರ್. ಭಾರತದಲ್ಲಿ ಲಕ್ಷ ಪುರುಷರಲ್ಲಿ ವರ್ಷಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಗೆ ಬರುವ ಈ ರೋಗ ಅಪರೂಪವೇ ಆದರೂ, ಹದಿನೈದರಿಂದ ನಲವತ್ತರ ಯೌವನದಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ನೋವಿಲ್ಲದ ಗಟ್ಟಿ ಗಂಟು ಅಥವಾ ಒಂದು ಬದಿಯ ಭಾರ ಇದರ ಮೊದಲ ಸೂಚನೆ. ನೋವಿಲ್ಲವೆಂಬ ಕಾರಣಕ್ಕೇ ಅದನ್ನು ಉಪೇಕ್ಷಿಸುವವರು ಹೆಚ್ಚು. ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ನಂತರ ಶಸ್ತ್ರವೈದ್ಯರು ಚೀಲವನ್ನು ಕೊಯ್ಯದೆ ತೊಡೆಸಂದಿನಲ್ಲಿ ಕೊಯ್ದು, ರಜ್ಜುವನ್ನು ಮೇಲೆಯೇ ಕಟ್ಟಿ, ವೃಷಣವನ್ನು ಆ ದಾರಿಯಿಂದ ಹೊರತೆಗೆಯುತ್ತಾರೆ. ವೃಷಣದ ದುಗ್ಧರಸ ಹೊಟ್ಟೆಯ ಹಿಂಭಾಗದ ಗ್ರಂಥಿಗಳಿಗೆ ಹರಿದರೆ ಚೀಲದ ಚರ್ಮದ ದುಗ್ಧರಸ ತೊಡೆಸಂದಿನ ಗ್ರಂಥಿಗಳಿಗೆ ಹರಿಯುವುದರಿಂದ, ಚೀಲವನ್ನು ಕೊಯ್ದರೆ ರೋಗಕ್ಕೆ ಹರಡಲು ಇನ್ನೊಂದು ಹಾದಿ ಮಾಡಿಕೊಟ್ಟಂತಾಗುತ್ತದೆ. ಅಮೆರಿಕದ ಲಾರೆನ್ಸ್ ಐನ್‌ಹಾರ್ನ್ 1974ರಲ್ಲಿ ಸಿಸ್ಪ್ಲಾಟಿನ್ ಎಂಬ ಔಷಧಿಯ ಬಳಕೆಯನ್ನು ಆರಂಭಿಸಿದ ಮೇಲೆ ದೇಹದಲ್ಲಿ ಹರಡಿದ ರೋಗವೂ ಬಹುತೇಕ ಗುಣವಾಗುವಂತಾಗಿದ್ದು, ಇಂದು ಇದು ಅತಿ ಹೆಚ್ಚು ಗುಣವಾಗುವ ಕ್ಯಾನ್ಸರ್‌ಗಳಲ್ಲಿ ಒಂದು. ಉತ್ತರ ಕನ್ನಡದ ರೋಗಿಗಳಿಗೆ ಹತ್ತಿರದ ವಿಶೇಷ ಕೇಂದ್ರಗಳೆಂದರೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಿಂದಿನ ಕಿಮ್ಸ್) ಹಾಗೂ ಅಲ್ಲಿನ ನವನಗರದ ಕ್ಯಾನ್ಸರ್ ಸಂಸ್ಥೆ, ಅದರಾಚೆಗೆ ಮಣಿಪಾಲ ಮತ್ತು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ.

ಒಂದು ವೃಷಣವನ್ನು ತೆಗೆದ ಮೇಲೆ ಉಳಿದ ಆರೋಗ್ಯವಂತ ವೃಷಣವೊಂದೇ ಸಾಮಾನ್ಯವಾಗಿ ಹಾರ್ಮೋನನ್ನೂ ವೀರ್ಯಾಣುಗಳನ್ನೂ ಸಾಕಷ್ಟು ಒದಗಿಸುತ್ತದೆ. ದನಿ, ಗಡ್ಡಮೀಸೆ, ದಾಂಪತ್ಯ, ಮಕ್ಕಳಾಗುವ ಶಕ್ತಿ ಯಾವುದೂ ಅದರಿಂದಲೇ ಹೋಗುವುದಿಲ್ಲ. ಆದರೆ ನಂತರದ ಔಷಧಿಗಳು ವೀರ್ಯಾಣು ಉತ್ಪತ್ತಿಯನ್ನು ಕುಂದಿಸಬಹುದಾದ್ದರಿಂದ, ಚಿಕಿತ್ಸೆಗೆ ಮುನ್ನ ವೀರ್ಯವನ್ನು ಶೈತ್ಯಾಗಾರದಲ್ಲಿ ಕಾದಿರಿಸುವ ಸೌಲಭ್ಯದ ಬಗ್ಗೆ ಯುವಕರು ಕೇಳಿ ತಿಳಿಯುವುದು ಒಳ್ಳೆಯದು.

ಎರಡೂ ವೃಷಣಗಳನ್ನು ತೆಗೆಯುವ ಸಂದರ್ಭ ಮುಖ್ಯವಾಗಿ ಒದಗುವುದು ವಯಸ್ಸಾದವರಲ್ಲಿ, ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆಯಾಗಿ. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಟೆಸ್ಟೋಸ್ಟಿರೋನನ್ನು ಉಂಡು ಬೆಳೆಯುತ್ತದೆಂದೂ ವೃಷಣಗಳನ್ನು ತೆಗೆದರೆ ಅದು ಕುಗ್ಗುತ್ತದೆಂದೂ ಚಾರ್ಲ್ಸ್ ಹಗ್ಗಿನ್ಸ್ ಮತ್ತು ಅವರ ಸಂಗಡಿಗರು 1941ರಲ್ಲಿ ತೋರಿಸಿದರು. ಹಗ್ಗಿನ್ಸರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಲ್ಲಿ ವೃಷಣದಲ್ಲಿ ರೋಗವೇ ಇರುವುದಿಲ್ಲ. ಆರೋಗ್ಯವಂತ ಅಂಗವನ್ನು ಅದರ ಹಾರ್ಮೋನಿಗಾಗಿ ತೆಗೆಯಲಾಗುತ್ತದೆ. ಹೊರಕವಚವನ್ನು ಉಳಿಸಿ ಒಳಗಿನ ತಿರುಳನ್ನು ಮಾತ್ರ ತೆಗೆಯುವ ಕ್ರಮವೂ ಇದ್ದು, ಅದರಲ್ಲಿ ಚೀಲ ಪೂರ್ತಿ ಬರಿದಾಗಿ ಕಾಣುವುದಿಲ್ಲ. ಇದೇ ಪರಿಣಾಮವನ್ನು ಚುಚ್ಚುಮದ್ದಿನಿಂದಲೂ ಸಾಧಿಸಬಹುದು. ಪಿಟ್ಯುಟರಿಯ ಆದೇಶವನ್ನು ತಡೆಯುವ ಈ ಔಷಧಿಗಳನ್ನು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಟ್ಟರೆ ವೃಷಣಗಳು ಇದ್ದಲ್ಲೇ ಇದ್ದು ಹಾರ್ಮೋನು ನಿಲ್ಲುತ್ತದೆ. ಚುಚ್ಚುಮದ್ದು ಪದೇ ಪದೇ ಬೇಕು, ಖರ್ಚು ಮತ್ತು ಓಡಾಟ ಹೆಚ್ಚು, ಆದರೆ ನಿಲ್ಲಿಸಬಹುದು. ಶಸ್ತ್ರಚಿಕಿತ್ಸೆ ಒಂದೇ ಸಲಕ್ಕೆ ಮುಗಿಯುತ್ತದೆ, ಆದರೆ ಹಿಂದಿರುಗುವ ದಾರಿಯಿಲ್ಲ. ಆಸ್ಪತ್ರೆಯಿಂದ ದೂರವಿರುವ ಹಳ್ಳಿಯ ವೃದ್ಧರಿಗೆ ಯಾವುದು ಸೂಕ್ತವೆಂಬುದನ್ನು ವೈದ್ಯರೂ ರೋಗಿಯೂ ಕೂಡಿ ನಿರ್ಧರಿಸಬೇಕು. ಎರಡರಲ್ಲಿಯೂ ಮೈ ಬಿಸಿಯೇರುವುದು, ಮೂಳೆ ಸವೆತ, ಸ್ನಾಯು ಕ್ಷೀಣತೆ, ಆಯಾಸ, ಕಾಮಾಸಕ್ತಿ ಕುಂದುವುದು ಕಂಡುಬರುವುದರಿಂದ ಅವುಗಳಿಗೆ ಪೂರಕ ಚಿಕಿತ್ಸೆಯೂ ಬೇಕಾಗುತ್ತದೆ.

ಹುಟ್ಟಿನ ದೇಹಲಕ್ಷಣಕ್ಕೂ ತಮ್ಮ ಲಿಂಗದ ಅರಿವಿಗೂ ಹೊಂದಿಕೆಯಾಗದ ವ್ಯಕ್ತಿಗಳಲ್ಲಿ ಕೆಲವರು ಸ್ವಂತ ಇಚ್ಛೆಯಿಂದ ಈ ಶಸ್ತ್ರಚಿಕಿತ್ಸೆಗೆ ಒಳಗಾಗುವುದುಂಟು. ಸುಪ್ರೀಂ ಕೋರ್ಟಿನ 2014ರ ತೀರ್ಪು ಶಸ್ತ್ರಚಿಕಿತ್ಸೆ ಆಗಿರಲಿ ಬಿಡಲಿ ಲಿಂಗದ ಗುರುತನ್ನು ತಾವೇ ನಿರ್ಧರಿಸುವ ಹಕ್ಕನ್ನು ಅವರಿಗೆ ಮಾನ್ಯ ಮಾಡಿದೆ. ಒಪ್ಪಿಗೆಯಿಲ್ಲದೆ ಒಬ್ಬನ ಪುರುಷತ್ವ ಹರಣ ಮಾಡುವುದನ್ನು 1860ರ ದಂಡ ಸಂಹಿತೆ ತೀವ್ರ ಗಾಯಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಎಣಿಸಿತ್ತು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಹಾಗೆಯೇ ಉಳಿಸಿಕೊಂಡಿದೆ.

ಓದುಗರು ಕೇಳಬೇಕಾದ ಪ್ರಶ್ನೆಗಳು

ಇಷ್ಟನ್ನೂ ಒಟ್ಟಿಗೆ ನೋಡಿದರೆ ಲೆಕ್ಕ ನೇರವಾಗಿದೆ. ವ್ಯಾಸೆಕ್ಟಮಿಯಲ್ಲಿ ಅಂಗವೂ ಹಾರ್ಮೋನೂ ಉಳಿದು ವೀರ್ಯಾಣುವಿನ ದಾರಿ ಮಾತ್ರ ಮುಚ್ಚುತ್ತದೆ. ಹೈಡ್ರೋಸೀಲ್ ಮತ್ತು ಹರ್ನಿಯಾಗಳಲ್ಲಿ ಅಂಗವೂ ಅದರ ಎರಡು ಕೆಲಸಗಳೂ ಉಳಿಯುತ್ತವೆ. ಒಂದು ಬದಿಯ ವೃಷಣಛೇದನದಲ್ಲಿ ಒಂದು ಅಂಗ ಹೋಗಿ ಕೆಲಸ ಉಳಿಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ ಚುಚ್ಚುಮದ್ದಿನಲ್ಲಿ ಅಂಗ ಉಳಿದು ಕೆಲಸ ನಿಲ್ಲುತ್ತದೆ. ಎರಡೂ ಬದಿಯ ವೃಷಣಛೇದನದಲ್ಲಿ ಮಾತ್ರ ಅಂಗ ಮತ್ತು ಕೆಲಸ ಎರಡೂ ಹೋಗುತ್ತವೆ. ಹೋರಿ ಎತ್ತಾಗುವ ಕ್ರಿಯೆಗೆ ಹೋಲಿಸಬಹುದಾದವು ಕೊನೆಯ ಎರಡು ಮಾತ್ರ, ಅವೂ ಜೀವ ಉಳಿಸುವ ಅಥವಾ ವ್ಯಕ್ತಿಯೇ ಬಯಸಿದ ಕಾರಣಕ್ಕಾಗಿ ನಡೆಯುವಂಥವು.

ಆದ್ದರಿಂದ ಈ ಭಾಗದ ಶಸ್ತ್ರಚಿಕಿತ್ಸೆಗೆ ವೈದ್ಯರು ಸೂಚಿಸಿದಾಗ ರೋಗಿಗಳೂ ಮನೆಯವರೂ ಸಂಕೋಚ ಬಿಟ್ಟು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ವೃಷಣವನ್ನು ತೆಗೆಯುತ್ತೀರಾ ಅಥವಾ ಉಳಿಸುತ್ತೀರಾ, ತೆಗೆದರೆ ಒಂದೋ ಎರಡೋ, ಹಾರ್ಮೋನಿಗೆ ಏನಾಗುತ್ತದೆ, ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯಿದೆಯೇ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಇವಕ್ಕೆ ಉತ್ತರ ಪಡೆಯುವುದು ರೋಗಿಯ ಹಕ್ಕು. ಇದರ ಜೊತೆಗೆ, ಹದಿಹರೆಯದ ಮಕ್ಕಳಿರುವ ತಂದೆತಾಯಿಯರು ಒಂದು ಮಾತನ್ನು ಅವರಿಗೆ ತಿಳಿಹೇಳಿರಬೇಕು: ಅಲ್ಲಿ ಇದ್ದಕ್ಕಿದ್ದಂತೆ ನೋವು ಬಂದರೆ ಅದು ನಾಚಿಕೊಳ್ಳುವ ವಿಷಯವಲ್ಲ, ನಡುರಾತ್ರಿಯಾದರೂ ಎಬ್ಬಿಸಿ ಹೇಳಬೇಕು. ಆ ಆಸ್ಪತ್ರೆ ಪಯಣಕ್ಕೆ ಇರುವ ಅವಧಿ ಆರೇ ಗಂಟೆ, ಅದರಲ್ಲಿ ಘಟ್ಟದ ರಸ್ತೆಯ ಸಮಯವೂ ಸೇರಿದೆ.